ಸುನಂದಮ್ಮನ ಬಾಯಿಗೆ ಅಕ್ಕಿ

“ಅಪ್ಪಾ, ಎಲ್ರುದೂ ಆಯ್ತು. ನೀನೊಬ್ಬ ಹಾಕಿದ್ರೆ ಎತ್ತೋದೇಯ.” ಮಗಳು ಶಾಂತಲಾ ನಂಜಯ್ಯನ ಬೆರಳು ಬಿಡಿಸಿ ಒಂದಿಷ್ಟು ಅಕ್ಕಿ ಇಟ್ಟಳು. ಅವನು ಮತ್ತೆ ಮುಷ್ಟಿ ಬಿಗಿದ.

ಅಂಗಳದ ಚಟ್ಟದ ಮೇಲೆ ಅವನ ಹೆಂಡತಿ ಸುನಂದಮ್ಮ. ನಿನ್ನೆ ಹಸುವಿಗೆ ಹುಲ್ಲು ಹಾಕಿ ಬಂದು ಜಗಲಿಗೆ ಒರಗಿದವಳು ಏಳಲೇ ಇಲ್ಲ. ಅಂತರಸಂತೆಯ ನೆಂಟರಿಷ್ಟರೆಲ್ಲ ಅವಳ ಬಾಯಿಗೆ ಅಕ್ಕಿ ಹಾಕಿ ಕಣ್ಣೊರೆಸಿಕೊಂಡಿದ್ದರು. ಗಂಡನದೊಂದೇ ಬಾಕಿ.

“ನಾ ಹಾಕಲ್ಲ ಬುಡಿ. ಹಾಕಿದ್ರೆ ಓಗೇಬುಡ್ತಾಳೆ.”

“ಅತ್ತಿಗೆ ಓಗ್ಬುಟ್ರು ಕಣಣ್ಣ,” ಎಂದ ತಮ್ಮ ಶಿವಣ್ಣ.

“ಅವತ್ತೂ ಇಲ್ಲೇ ಮಲ್ಗಿದ್ಲು. ಎದ್ಲಲ್ಲ?”

ಅವತ್ತಿನ ಕತೆ ಊರಿಗೇ ಗೊತ್ತಿತ್ತು.

*

ವರ್ಷಗಳ ಹಿಂದೆ ಸಿನಿಮಾ ತೆಗೆಯಲು ಬಂದ ಬ್ರಿಟನ್ನಿನವರಿಗೆ ಇದೇ ಅಂಗಳ ಹಿಡಿಸಿತ್ತು. ಸತ್ತ ತಾಯಿಯ ಮಣ್ಣಿಗೆಂದು ಲಂಡನ್ನಿನಿಂದ ಬರುವ ಮಗನ ಕತೆ. ಮಗನ ಪಾತ್ರಕ್ಕೆ ಲಂಡನ್ನಿನಲ್ಲೇ ಹುಟ್ಟಿ ಬೆಳೆದ ವಸಂತ್, ಆಗಿನ್ನೂ ಹೆಸರಿಲ್ಲದ ನಟ. ಹೆಣವಾಗಲು ಯಾರು ತಾನೇ ಒಪ್ಪುತ್ತಾರೆ? ಸುನಂದಮ್ಮ ಸೆರಗು ಕೊಡವಿ ಬಂದು ಮಲಗಿದಳು. ನಂಜಯ್ಯ ಹೌಹಾರಿದ.

“ಬದ್ಕಿರುವಾಗ್ಲೇ ಬಾಯ್ಗೆ ಅಕ್ಕಿ ಬಿದ್ರೆ ಆಯಸ್ಸು ಜಾಸ್ತಿ ಕಣ್ರೀ. ನಿಮ್ಮನ್ನ ಕಳಿಸ್ದೆ ನಾ ಓಗಲ್ಲ,” ಎಂದಳು. ಪಾಪ, ಅವನು ಅದನ್ನು ನಂಬಿಬಿಟ್ಟ.

ಬಾಯಿಗೆ ಅಕ್ಕಿ ಹಾಕುತ್ತ ಅಳಬೇಕಿದ್ದ ವಸಂತನಿಗೆ ಅಳುವೇ ಬರುತ್ತಿರಲಿಲ್ಲ. ಮತ್ತೆ ಮತ್ತೆ ಅದೇ ದೃಶ್ಯ. ಪ್ರತಿ ಸಲ ‘ಕಟ್’ ಎಂದೊಡನೆ ನಂಜಯ್ಯ ಓಡಿಬಂದು ಹೆಂಡತಿಯ ಗಲ್ಲದ ಕೆಳಗೆ ಅಂಗೈ ಒಡ್ಡುತ್ತಿದ್ದ. ಅವಳು ಅಕ್ಕಿಯನ್ನು ಅದರೊಳಗೆ ಉಗಿದು ನಗುತ್ತಿದ್ದಳು. ಸಂಜೆಯ ಹೊತ್ತಿಗೆ ವಸಂತ್ ಅತ್ತ. ‘ಕಟ್’ ಎಂದ ಮೇಲೂ ಅಳು ನಿಲ್ಲಲಿಲ್ಲ. ಹೆಣವೇ ಎದ್ದು ಕೂತು ಸೆರಗಿನಲ್ಲಿ ಅವನ ಮುಖ ಒರೆಸಿತು.

“ಅಳ್ಬೇಡ ಕಣಪ್ಪಾ, ನಾ ಬದ್ಕಿವ್ನಿ.”

ಆ ಸಿನಿಮಾ ಎಲ್ಲೂ ಓಡಲಿಲ್ಲ. ಆದರೆ ಆ ಅಳುವನ್ನು ಕಂಡ ನಾಲ್ಕು ಜನ ನಿರ್ದೇಶಕರು ವಸಂತನನ್ನು ಬಿಡಲಿಲ್ಲ. ಈಗ ಅವನು ದೊಡ್ಡ ನಟ.

*

“ತಾತ, ವಸಂತ್ ಅಂಕಲ್ ಮೆಸೇಜ್ ಹಾಕವ್ರೆ,” ಮೊಮ್ಮಗಳು ರಮ್ಯ ಫೋನು ಹಿಡಿದು ಬಂದಳು. “ಅಳು ತಡ್ಯಕ್ಕೆ ಆಯ್ತಿಲ್ಲ, ಅಮ್ಮಂಗೆ ನನ್ ಹೆಸ್ರಲ್ಲೂ ಅಕ್ಕಿ ಹಾಕಿ ಅಂದವ್ರೆ.”

ನಂಜಯ್ಯ ಹೆಂಡತಿಯ ಕಿವಿಯ ಹತ್ತಿರ ಬಗ್ಗಿದ.

“ಕೇಳಿಸ್ತಾ ಸುನಂದಾ? ನಿನ್ ಹುಡ್ಗ ಅಳ್ತಾವ್ನಂತೆ.”

ಸೆರಗು ಅಲುಗಲಿಲ್ಲ. ಅವನು ಅದನ್ನೇ ನೋಡುತ್ತ ನಿಂತ.

ಕಡೆಗೆ ಮುಷ್ಟಿ ಬಿಚ್ಚಿದ. ಬೆವರಿಗೆ ಅಂಟಿದ್ದ ಕಾಳುಗಳನ್ನು ಬಿಡಿಸಿ ಬಿಡಿಸಿ ಅವಳ ಬಾಯಿಗೆ ಹಾಕಿದ. ಹೊರುವವರು ಚಟ್ಟಕ್ಕೆ ಕೈ ಹಾಕಿದರು. ಶಿವಣ್ಣ ಬೇಡವೆಂದು ಸನ್ನೆ ಮಾಡಿದ.

ನಂಜಯ್ಯ ಅವಳ ಗಲ್ಲದ ಕೆಳಗೆ ಅಂಗೈ ಒಡ್ಡಿ ಕಾಯುತ್ತಿದ್ದ.