ಕತ್ತಿಗೆ ಕತ್ತು ಕೊಡುವವರು

ಕತ್ತರಿಯಣ್ಣನ ಕ್ಷೌರದಂಗಡಿಯಲ್ಲಿ ತಲೆಗೂದಲು ಎಂದಿನಂತೆ ಉದುರುತ್ತಿತ್ತು. ಗಡ್ಡದ ಕೆಲಸ ಮಾತ್ರ ನಿಂತೇ ಹೋಗಿತ್ತು. ಗಿರಾಕಿಯ ಕತ್ತಿನ ಬಳಿ ಕತ್ತಿ ಒಯ್ದರೆ ಸಾಕು, 'ಈ ಕೈ ನನ್ನ ಮಾತು ಕೇಳದೆ ಹೋದರೆ?' ಎಂಬ ಯೋಚನೆ ಬಂದು ಎದೆ ಹೊಡೆದುಕೊಳ್ಳುತ್ತಿತ್ತು. ಅದು ಅಪ್ಪ ಕೊಟ್ಟುಹೋದ ಕತ್ತಿ. ಅದನ್ನು ಮತ್ತೆ ಹಿಡಿಯುವಂತಾಗಲಿ ಎಂದು ಅವನು ಮನಸ್ಸಿನ ಡಾಕ್ಟರನ್ನು ಹುಡುಕಿಕೊಂಡು ಹೋದ.

ಒಂದೇ ಮಹಡಿಯಲ್ಲಿ ಎದುರುಬದುರಾಗಿ ಇಬ್ಬರಿದ್ದರು. ಮಾತ್ರೆ ಡಾಕ್ಟರು ತಲೆ ಎತ್ತದೆ ಚೀಟಿ ಗೀಚಿ, "ಎದುರು ಬಾಗಿಲಿಗೆ ಮಾತ್ರ ಹೋಗ್ಬೇಡ. ಹರಟೆ ಹೊಡೆದ್ರೆ ಕಾಯಿಲೆ ಹೋಗತ್ತೇನಯ್ಯ?" ಎಂದರು. ಮಾತಿನ ಡಾಕ್ಟರು ತಲೆಯಾಡಿಸುತ್ತಾ ಎಲ್ಲ ಕೇಳಿಸಿಕೊಂಡು, "ಆ ಮಾತ್ರೆ ನುಂಗ್ಬೇಡಿ. ಮನಸ್ಸೇನು ಹೊಟ್ಟೇಲಿದ್ಯಾ?" ಎಂದರು.

ಮನೆಯಲ್ಲಿ ಇದನ್ನು ಕೇಳಿ ಹೆಂಡತಿ ನಕ್ಕಳು. "ಇಬ್ರಿಗೂ ಹೂಂ ಅನ್ರಿ. ಗಿರಾಕಿಗಳ ಹತ್ರ ದಿನಾ ಮಾಡೋದು ಅದೇ ತಾನೆ?"

ಅವನು ಕದ್ದುಮುಚ್ಚಿ ಎರಡನ್ನೂ ಮಾಡಿದ. ಮಾತ್ರೆಯಿಂದ ನಿದ್ದೆ ಹತ್ತಿತು. ನಿದ್ದೆಯಾದ ಮೇಲೆ ಬಾಯಿ ಬಿಚ್ಚಿತು. ಒಳಗೇ ಉಳಿದಿದ್ದ ಭಯವನ್ನು ಮಾತಿನ ಡಾಕ್ಟರ ಮುಂದೆ ಮೊದಲ ಬಾರಿಗೆ ಪೂರ್ತಿಯಾಗಿ ಹೊರಗೆ ಹಾಕಿದ.

ಒಂದು ಬೆಳಿಗ್ಗೆ ಅವನು ಚರ್ಮದ ಪಟ್ಟಿಗೆ ಕತ್ತಿ ತೀಡುತ್ತಿದ್ದಾಗ ಇಬ್ಬರು ಡಾಕ್ಟರೂ ತಲೆ ಕೊಡಲು ಬಂದು ಅಕ್ಕಪಕ್ಕದ ಕುರ್ಚಿಯಲ್ಲಿ ಕೂತರು.

"ಕತ್ತಿ ಹಿಡ್ದೇಬಿಟ್ಯಲ್ಲಯ್ಯ! ನೋಡಿದ್ರಾ ನನ್ನ ಮಾತ್ರೆ?" ಎಂದರು ಮಾತ್ರೆ ಡಾಕ್ಟರು.

"ಅವರು ಅದನ್ನ ಮುಟ್ಟೇ ಇಲ್ಲ ಸ್ವಾಮಿ. ಇದೆಲ್ಲ ನನ್ನ ಹತ್ರ ಮಾತಾಡಿದ್ದಕ್ಕೆ!"

"ನಿಮ್ಮ ಹೊಸಿಲೇ ದಾಟಿಲ್ಲ ಅವನು!"

ಕತ್ತಿನ ಸುತ್ತ ಬಿಳಿ ಬಟ್ಟೆ ಕಟ್ಟಿಸಿಕೊಂಡೇ ಇಬ್ಬರೂ ಕೈ ಬೀಸಾಡಿದರು. ಕತ್ತರಿಯಣ್ಣ ಅತ್ತ ಒಂದಿಷ್ಟು, ಇತ್ತ ಒಂದಿಷ್ಟು ಕೂದಲು ಕತ್ತರಿಸುತ್ತಾ ಮೆತ್ತಗೆ ಕೇಳಿದ: "ವಾಸಿಯಾಗಿದೆ ಅಂತ ಇಬ್ರೂ ಹೇಳ್ತಿದೀರಲ್ಲ, ಗಡ್ಡ ಯಾರಿಗೆ ಮೊದ್ಲು ಮಾಡ್ಲಿ?"

ಬೀಸಾಡುತ್ತಿದ್ದ ಕೈಗಳು ಬಿಳಿ ಬಟ್ಟೆಯೊಳಗೆ ಸೇರಿಕೊಂಡವು. ಆ ಮಾತ್ರೆಯಿಂದ ಕೆಲವರ ಕೈ ನಡುಗುವುದುಂಟೆಂದು ಮಾತ್ರೆ ಡಾಕ್ಟರಿಗೆ ನೆನಪಾಯಿತು. ಮುಚ್ಚಿದ ಬಾಗಿಲ ಹಿಂದೆ ಕೇಳಿದ್ದು ಮಾತಿನ ಡಾಕ್ಟರಿಗೆ ನೆನಪಾಯಿತು.

"ನಾನು ಗಡ್ಡ ಬಿಡೋಣ ಅಂತಿದೀನಿ."

"ನಾನೂ ಅಷ್ಟೇ."

ಅವರಿಬ್ಬರೂ ಒಂದು ಮಾತಿಗೆ ಬಂದದ್ದು ಅದೇ ಮೊದಲು. ಅರ್ಧ ಕತ್ತರಿಸಿದ ತಲೆಯಲ್ಲೇ ಜೊತೆಯಾಗಿ ಅಂಗಡಿಯ ಮೆಟ್ಟಿಲಿಳಿದರು.

ಕತ್ತರಿಯಣ್ಣನ ಮುಖ ಸಪ್ಪಗಾಯಿತು. ವಾಸಿ ಮಾಡಿದವರಿಗೇ ನಂಬಿಕೆಯಿಲ್ಲವೆಂದ ಮೇಲೆ? ಕತ್ತಿ ಮಡಚಿಡಲು ಹೋದ.

ಮೂಲೆಯ ಬೆಂಚಿನಿಂದ ಹೆಂಡತಿಯ ಅಪ್ಪ ಎದ್ದು ಬಂದ. ಮಗಳಿಂದ ಎಲ್ಲ ಕೇಳಿ ತಿಳಿದಿದ್ದರೂ ಬೇರೆ ಯಾವ ಅಂಗಡಿಗೂ ಹೋಗದ ಅವನ ಗಡ್ಡ ಎದೆಗಿಳಿದಿತ್ತು.

"ಅಳಿಯಂದ್ರೇ, ನನ್ನ ಸರದಿ ಬಂತೋ ಇಲ್ವೋ?"

"ಹೆದರಿಕೆ ಆಗಲ್ವಾ ಮಾವ?"

"ಆಗತ್ತೆ. ನೀವು ಮಾಡಿ. ಮೀಸೆ ಮಾತ್ರ ಮುಟ್ಬೇಡಿ."

ಮುದುಕ ಗದ್ದ ಎತ್ತಿದ. ಕತ್ತಿ ನೊರೆಯೊಳಗಿಳಿಯಿತು. ಹಳೆಯ ಯೋಚನೆ ಬಂತು. ಬಂದು, ಸ್ವಲ್ಪ ಹೊತ್ತು ಕಾದು, ಸರದಿ ಸಿಗದ ಗಿರಾಕಿಯಂತೆ ಎದ್ದುಹೋಯಿತು.