ಬಿರುಗಾಳಿ ಮಾಮನ ಕೆಂಪಂಗಿ

ನಾನು ಬಣ್ಣದಂಗಡಿಯಲ್ಲಿ ಬಣ್ಣ ಕಲಸುವವಳು. ಗಿರಾಕಿ ತನ್ನ ಮನೆಯ ಗೋಡೆಯಿಂದ ಉಗುರಿನಷ್ಟು ಚಕ್ಕೆ ಕೆರೆದು ತಂದರೆ ಸಾಕು, ಅದೇ ಬಣ್ಣದ ಡಬ್ಬಿ ಕೈಗಿಡುತ್ತೇನೆ. ಇಪ್ಪತ್ತೆರಡು ವರ್ಷಗಳಲ್ಲಿ ವಾಪಸ್ ಬಂದಿರುವುದು ಮೂರೇ ಡಬ್ಬಿ. ಅದರಲ್ಲಿ ಎರಡು ಗಂಡ ಹೆಂಡಿರ ಜಗಳದಿಂದ ಬಂದವು, ನನ್ನ ತಪ್ಪಿನಿಂದಲ್ಲ. ಹಾಗಾಗಿ ನನ್ನೆದುರು ಯಾರಾದರೂ ಹಳದಿಯನ್ನು ನೀಲಿ ಎಂದರೆ ನನಗೆ ಪಿತ್ತ ನೆತ್ತಿಗೇರುತ್ತದೆ. ಹಾಗೆಂದವಳು ಹೆತ್ತ ತಾಯಿಯಾದರೆ ಸಿಟ್ಟಿನ ಜೊತೆಗೆ ಎದೆಯೂ ಧಸಕ್ಕೆನ್ನುತ್ತದೆ.

ಅಮ್ಮ ದರ್ಜಿ. ಮನೆಯಿಂದ ಎರಡು ತಿರುವು ದಾಟಿದರೆ ಅವಳ ಅಂಗಡಿ. ಒಂದು ಹೊಲಿಗೆ ಯಂತ್ರ, ಬಟ್ಟೆ ಕತ್ತರಿಸುವ ಮೇಜು, ಗೋಡೆ ತುಂಬ ದಾರದ ರೀಲುಗಳು, ಅಷ್ಟೇ. ಎಪ್ಪತ್ತಾರು ತುಂಬಿದ ಮೇಲೂ ತಾನೇ ಷಟರ್ ಎತ್ತುತ್ತಾಳೆ. ಯಾರಾದರೂ ಕೈಜೋಡಿಸಲು ಹೋದರೆ ಅವರಿಗೆ ಬೈಗುಳ ಗ್ಯಾರಂಟಿ.

ಅಣ್ಣ ಹುಟ್ಟುವ ಮೊದಲು ಅವಳು ಟೀವಿ ಕೇಂದ್ರದ ಉಡುಪಿನ ಕೋಣೆಯಲ್ಲಿ ಕೆಲಸಕ್ಕಿದ್ದಳು. ಅದು ಕಪ್ಪು ಬಿಳುಪು ಟೀವಿಯ ಕಾಲ. ಬಿರುಗಾಳಿ ಮಾಮ ಎಂಬ ಮಹಾಶೂರ ವಾರಕ್ಕೊಮ್ಮೆ ಬಂದು, ಕಟ್ಟಡದಿಂದ ಕಟ್ಟಡಕ್ಕೆ ಹಾರಿ, ಕಳ್ಳರ ಕುತ್ತಿಗೆಪಟ್ಟಿ ಹಿಡಿದು ಹೋಗುತ್ತಿದ್ದನಂತೆ. ಅವನು ಬರುವ ಮೊದಲು "ಕೆಂಪಂಗಿಯ ಮೇಲೆ ನೀಲಿ ಸುಳಿ, ಬಂದ ನೋಡಿ ಬಿರುಗಾಳಿ!" ಎಂದು ಒಬ್ಬರು ಗಟ್ಟಿ ದನಿಯಲ್ಲಿ ಕೂಗುತ್ತಿದ್ದರು. ಈಗ ಐವತ್ತು ದಾಟಿದ ಯಾರನ್ನು ಕೇಳಿದರೂ ಈ ಸಾಲನ್ನು ಒಪ್ಪಿಸುತ್ತಾರೆ. ಆ ಅಂಗಿ ಹೊಲಿದವಳು ನಮ್ಮಮ್ಮ. ಅದರ ಬಗ್ಗೆ ಕೇಳಿದರೆ, "ಹೊಲಿದೆ, ಕೊಟ್ಟೆ, ಮನೆಗೆ ಬಂದೆ. ಅದರಲ್ಲೇನು ಪುರಾಣ?" ಎನ್ನುತ್ತಿದ್ದಳು.

ಈ ವರ್ಷ ಟೀವಿ ಕೇಂದ್ರದವರು ತಮ್ಮ ಹಳೆಯ ಸ್ಟುಡಿಯೋದಲ್ಲಿ ಪ್ರದರ್ಶನ ಇಡುವುದೆಂದು ಹೊರಟರು. ಅದರ ಉಸ್ತುವಾರಿಯ ಮೇಡಂ ಅಮ್ಮನ ಅಂಗಡಿ ಹುಡುಕಿಕೊಂಡು ಬಂದರು. ಹಳೆಯ ಅಂಗಿಯನ್ನು ನುಸಿ ತಿಂದು ಮುಗಿಸಿತ್ತು. ಒಂದು ಗುಂಡಿ ಕೂಡ ಉಳಿದಿರಲಿಲ್ಲ.

"ಆಗ ಹೇಗಿತ್ತೋ ಹಾಗೇ ಇನ್ನೊಂದು ಹೊಲಿದು ಕೊಡ್ತೀರಾ ಅಮ್ಮಾ?" ಎಂದರು ಮೇಡಂ.

ಅಮ್ಮನ ಮುಖ ಅರಳಿದ್ದನ್ನು ನಾನು ಕಣ್ಣಾರೆ ಕಂಡೆ. ಅಳತೆ, ಕಾಲರಿನ ಎತ್ತರ, ಎದೆಯ ಮೇಲಿನ ಸುಳಿಗೆ ಎಷ್ಟು ಸುತ್ತು, ಎಲ್ಲವೂ ಅವಳ ನಾಲಿಗೆ ತುದಿಯಲ್ಲಿತ್ತು. ಬಟ್ಟೆಯನ್ನೂ ತಾನೇ ಹೋಗಿ ಆರಿಸಿ ತಂದಳು.

ಒಂದು ವಾರ ಬಿಟ್ಟು ಅಂಗಡಿಗೆ ಹೋದೆ. ಯಂತ್ರದ ಕೆಳಗೆ ಅಂಗಿ ಮುಕ್ಕಾಲು ಮುಗಿದಿತ್ತು. ಹೊಲಿಗೆಯೋ, ಕಣ್ಣಿಗೆ ಒತ್ತಿಕೊಳ್ಳುವ ಹಾಗಿತ್ತು. ಆದರೆ ಅಂಗಿ ಕಂದು ಬಣ್ಣದ್ದು, ಅದರ ಮೇಲಿನ ಸುಳಿ ತಿಳಿಹಳದಿ.

"ಅಮ್ಮಾ, ಇದು ಯಾರ ಅಂಗಿ?"

"ಕಾಣಲ್ವಾ? ಬಿರುಗಾಳಿ ಮಾಮಂದು."

"ಅದು ಕೆಂಪಲ್ವಾ?"

"ಹೂಂ, ಇದೇ ಕೆಂಪು."

ತಮಾಷೆ ಮಾಡುತ್ತಿದ್ದಾಳೆ ಅಂದುಕೊಂಡು ನಕ್ಕೆ. "ಮತ್ತೆ ಇದು?" ಎಂದು ಸುಳಿಯ ಮೇಲೆ ಬೆರಳಿಟ್ಟೆ.

"ನೀಲಿ," ಎಂದಳು, ತುಟಿಯಲ್ಲಿ ಗುಂಡುಪಿನ್ನು ಕಚ್ಚಿಕೊಂಡೇ.

"ಅಮ್ಮಾ, ಸರಿಯಾಗಿ ನೋಡು."

ಅವಳು ಪಿನ್ನು ತೆಗೆದಿಟ್ಟು, ಕನ್ನಡಕ ಮೇಲೇರಿಸಿಕೊಂಡು ನೋಡಿದಳು. "ನೋಡೋಕೆ ಕಂದು. ಆದ್ರೆ ಇದೇ ಕೆಂಪು ಕಣೇ. ಹೊಲಿದವಳು ನಾನು, ನಂಗೊತ್ತಿಲ್ವಾ?"

"ನೋಡೋಕೆ ಕಂದು ಅಂದ್ರೆ ಅದು ಕಂದು! ಬಣ್ಣ ಇರೋದೇ ನೋಡೋಕೆ. ಇನ್ನೇನು, ಮೂಸೋಕಾ?"

ಸಿಟ್ಟು ಬಂದರೆ ನನಗೆ ಹಿಂದುಮುಂದು ಗೊತ್ತಾಗುವುದಿಲ್ಲ. ಅಮ್ಮನೂ ಕಡಿಮೆಯವಳಲ್ಲ, ಒಂದಕ್ಕೆರಡು ತಿರುಗಿ ಕೊಡುವವಳು. ಆದರೆ ಅವತ್ತು ಕೊಡಲಿಲ್ಲ. ಬಟ್ಟೆಯನ್ನೇ ದಿಟ್ಟಿಸಿ ನೋಡುತ್ತ ಕೂತಳು. "ಇದೇ ಬಟ್ಟೆ," ಎಂದಳು ಮೆಲ್ಲಗೆ. "ಇದಕ್ಕೇ ಕೆಂಪು ಅಂತಿದ್ದಿದ್ದು." ಆ ಮಾತನ್ನು ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಹಾಕಿಕೊಂಡಿದ್ದರೆ ಈ ಕಥೆ ಅಲ್ಲಿಗೇ ಮುಗಿಯುತ್ತಿತ್ತು.

ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ಬಣ್ಣದ ಚುಕ್ಕೆಗಳ ಪುಸ್ತಕ ಹಿಡಿದು ಪರೀಕ್ಷೆ ಮಾಡಿ, ಕಣ್ಣು ಈ ವಯಸ್ಸಿಗೆ ಚಿನ್ನದಂತಿದೆ ಎಂದರು. ಕಣ್ಣಲ್ಲಿ ದೋಷ ಸಿಕ್ಕಿದ್ದರೇ ಚೆನ್ನಾಗಿತ್ತು. ಕಣ್ಣು ಸರಿ ಇದ್ದರೆ ಕೆಟ್ಟಿರುವುದು ತಲೆಯೇ ಇರಬೇಕು ಎಂದು ನಾನು ಲೆಕ್ಕ ಹಾಕಿದೆ.

ಅಷ್ಟರಲ್ಲಿ ಅಮ್ಮ ಅಂಗಿ ಮುಗಿಸಿ ಕಳಿಸಿಯೂ ಆಗಿತ್ತು. ಮರುದಿನವೇ ಮೇಡಂ ನನಗೆ ಫೋನು ಮಾಡಿದರು. "ಹೊಲಿಗೆಗೆ ಎರಡು ಮಾತಿಲ್ಲ. ಆದ್ರೆ ಬಣ್ಣ ಪೂರ್ತಿ ಬೇರೆ ಆಗಿಬಿಟ್ಟಿದೆ. ಇದನ್ನ ಇಡೋಕಾಗಲ್ಲ," ಎಂದರು. ಆಮೇಲೆ ದನಿ ತಗ್ಗಿಸಿ, "ಅಮ್ಮ ಹುಷಾರಾಗಿದ್ದಾರೆ ತಾನೇ?" ಎಂದು ಕೇಳಿದರು. ಹುಷಾರಾಗಿದ್ದಾರೆ ಎಂದು ಹೇಳಿ ಫೋನಿಟ್ಟೆ.

ಅಣ್ಣನಿಗೆ ಹೇಳಿದೆ. ಅವನು ಬೇರೆ ಊರಲ್ಲಿರುತ್ತಾನೆ, ತೀರ್ಮಾನಗಳನ್ನು ಮಾತ್ರ ಅಲ್ಲಿಂದಲೇ ಕಳಿಸುತ್ತಾನೆ. "ಕತ್ತರಿ, ಇಸ್ತ್ರಿ, ಕರೆಂಟು ಎಲ್ಲಾ ಇರೋ ಜಾಗ. ನಾಳೆ ಏನಾದ್ರೂ ಹೆಚ್ಚುಕಡಿಮೆ ಆದ್ರೆ? ಪಕ್ಕದ ಬೇಕರಿಯವನು ಆ ಜಾಗ ಕೇಳ್ತಾನೇ ಇದ್ದಾನೆ. ಒಂದನೇ ತಾರೀಕು ಬೀಗದ ಕೈ ಕೊಟ್ಟುಬಿಡೋಣ," ಎಂದ. ನಾನು ಒಪ್ಪಿಕೊಂಡೆ. ಅಣ್ಣನನ್ನು ಆಡಿಕೊಂಡು ಪ್ರಯೋಜನವಿಲ್ಲ, ಹೂಂ ಅಂದವಳು ನಾನೇ.

ಅಮ್ಮನಿಗೆ ಈ ವಿಷಯ ಹೇಳುವ ಮುಂಚೆ ಸೊಂಟ ಕಟ್ಟಿಕೊಂಡು ನಿಂತಿದ್ದೆ. ಮನೆಯ ಚಾವಣಿ ಹಾರಿಹೋಗುವ ಹಾಗೆ ಕೂಗಾಡುತ್ತಾಳೆ, ಅಣ್ಣನ ಜನ್ಮ ಜಾಲಾಡುತ್ತಾಳೆ ಅಂದುಕೊಂಡಿದ್ದೆ. ಅವಳು ಸೀರೆ ಮಡಿಸುತ್ತಿದ್ದವಳು ಮಡಿಸುತ್ತಲೇ, "ಆಗ್ಲಿ," ಎಂದಳು. ನನ್ನಮ್ಮ ಅಷ್ಟು ಸುಲಭಕ್ಕೆ ಯಾವುದಕ್ಕೂ ಆಗ್ಲಿ ಎಂದವಳಲ್ಲ. ಆ ಒಂದು ಮಾತಿನಿಂದ ನನಗಾದ ಹೆದರಿಕೆ ಹಳದಿ ನೀಲಿಯಿಂದಲೂ ಆಗಿರಲಿಲ್ಲ.

ಒಂದನೇ ತಾರೀಕಿಗೆ ಐದು ದಿನವಿರುವಾಗ ಅಂಗಿ ವಾಪಸ್ ತರಲು ಸ್ಟುಡಿಯೋಗೆ ಹೋದೆ. ಪ್ರದರ್ಶನದ ತಯಾರಿ ನಡೆದಿತ್ತು. ಮಧ್ಯದಲ್ಲೊಂದು ಹಳೆಯ ಕ್ಯಾಮೆರಾ, ಬೀರುವಿನಷ್ಟು ದಪ್ಪ. ಅದರ ವೈರು ಪಕ್ಕದ ಮೇಜಿನ ಮೇಲಿನ ಹಳೆಯ ಕಪ್ಪು ಬಿಳುಪು ಟೀವಿಗೆ ಹೋಗಿತ್ತು. ಅದಕ್ಕೆ ಜೀವ ಬರಿಸಲು, ನಿವೃತ್ತರಾಗಿದ್ದ ಕ್ಯಾಮೆರಾದವರೊಬ್ಬರನ್ನು ಕರೆಸಿದ್ದರು. ಎಲ್ಲರೂ ಅವರನ್ನು ಕ್ಯಾಮೆರಾ ತಾತ ಎನ್ನುತ್ತಿದ್ದರು. ತಾತ ಕ್ಯಾಮೆರಾದ ಹೊಟ್ಟೆಯೊಳಗೆ ಮೊಣಕೈವರೆಗೂ ಕೈಹಾಕಿ ಏನೋ ಗೊಣಗುತ್ತಿದ್ದರು.

ಕ್ಯಾಮೆರಾದ ಮುಂದೆ ಒಂದು ಮರದ ಬೊಂಬೆ. ಅದಕ್ಕೆ ಬಾಡಿಗೆಗೆ ತಂದ ಹೊಸ ಅಂಗಿ ತೊಡಿಸಿದ್ದರು. ಕಡುಗೆಂಪು, ಎದೆಯ ಮೇಲೆ ಕಡುನೀಲಿ ಸುಳಿ. ನೋಡಲು ಭರ್ಜರಿಯಾಗಿತ್ತು. ಮೇಡಂ ಮಾತ್ರ ಟೀವಿಯ ಮುಂದೆ ನಿಂತು ಮುಖ ಕಿವುಚಿಕೊಂಡಿದ್ದರು.

"ತಾತಾ, ಟೀವಿ ಕೆಟ್ಟಿದೆ. ಸುಳಿಯೇ ಕಾಣ್ತಿಲ್ಲ."

ನಾನೂ ಬಗ್ಗಿ ನೋಡಿದೆ. ಪರದೆಯ ಮೇಲೆ ಬಿರುಗಾಳಿ ಮಾಮ ಇರಲಿಲ್ಲ. ಒಂದೇ ಸಮನೆ ಬೂದಿ ಬಳಿದ ಮುದ್ದೆಯೊಂದಿತ್ತು. ಎಲ್ಲಿ ಅಂಗಿ, ಎಲ್ಲಿ ಸುಳಿ, ದೇವರಿಗೇ ಗೊತ್ತು.

"ಟೀವಿ ಸರಿಯಾಗಿದೆ," ಎಂದರು ತಾತ, ಒಳಗಿಂದಲೇ. "ಇದಕ್ಕೆ ಬಣ್ಣ ಗೊತ್ತಿಲ್ಲಮ್ಮಾ. ಬೆಳಕೆಷ್ಟು, ಕತ್ತಲೆಷ್ಟು, ಅಷ್ಟೇ ಗೊತ್ತು. ನಿಮ್ಮ ಕೆಂಪೂ ಅಷ್ಟೇ ಗಾಢ, ನಿಮ್ಮ ನೀಲೀನೂ ಅಷ್ಟೇ ಗಾಢ. ಇದರ ಕಣ್ಣಿಗೆ ಎರಡೂ ಒಂದೇ."

ನನಗೆ ಥಟ್ಟನೆ ಹೊಳೆಯಿತು. ನಮ್ಮಂಗಡಿಯ ಬಣ್ಣದ ಕಾರ್ಡುಗಳ ಹಿಂದೆ ಒಂದು ಸಂಖ್ಯೆ ಇರುತ್ತದೆ, ಆ ಬಣ್ಣ ಎಷ್ಟು ಬೆಳಕನ್ನು ತಿರುಗಿ ಕೊಡುತ್ತದೆ ಎಂದು. ಕಡುಗೆಂಪಿಗೂ ಕಡುನೀಲಿಗೂ ಹೆಚ್ಚುಕಡಿಮೆ ಒಂದೇ ಸಂಖ್ಯೆ. ಕತ್ತಲ ಕೋಣೆಗೆ ಯಾವುದನ್ನು ಬಳಿಯಬೇಕು ಎಂದು ದಿನಕ್ಕೆ ಹತ್ತು ಜನರಿಗೆ ಅದೇ ಸಂಖ್ಯೆ ನೋಡಿ ಹೇಳುವವಳು ನಾನು. ಮನೆಯಲ್ಲಿ ಮಾತ್ರ ನನ್ನ ಬುದ್ಧಿಗೆ ಮಂಕು ಕವಿದಿತ್ತು.

"ಅಮ್ಮನ ಅಂಗಿ ಎಲ್ಲಿ?" ಎಂದೆ. ಮೇಡಂ ಮೂಲೆಯ ರಟ್ಟಿನ ಪೆಟ್ಟಿಗೆ ತೋರಿಸಿದರು. ಅವರನ್ನು ಕೇಳಲೂ ಇಲ್ಲ, ಬೊಂಬೆಯ ಕೆಂಪಂಗಿ ಬಿಚ್ಚಿ ಅಮ್ಮನ ಕಂದಂಗಿ ತೊಡಿಸಿ, ಟೀವಿಯ ಮುಂದೆ ಓಡಿದೆ.

ಪರದೆಯ ಮೇಲೆ ಗಾಢವಾದ ಅಂಗಿ, ಅದರ ಮೇಲೆ ಫಳಫಳ ಸುಳಿ, ಒಂದೊಂದು ಸುತ್ತೂ ಬಿಡಿಬಿಡಿಯಾಗಿ. ಮೇಡಂ, "ಅಯ್ಯೋ, ಅವನೇ!" ಎಂದು ಚಿಕ್ಕ ಹುಡುಗಿಯ ಹಾಗೆ ಕೂಗಿದರು.

ತಾತ ಕ್ಯಾಮೆರಾದಿಂದ ಕೈ ಹೊರತೆಗೆದು ಹಿಂತಿರುಗಿ ನೋಡಿದರು. ಟೀವಿಯನ್ನಲ್ಲ, ಬೊಂಬೆಯ ಮೈಮೇಲಿದ್ದ ಅಂಗಿಯನ್ನು. ಅವರ ಮುಖದ ತುಂಬ ನಗು ಹರಡಿತು.

"ಆಹಾ, ನಮ್ಮ ಕೆಂಪಂಗಿ! ಯಾರು ಹೊಲಿದಿದ್ದು? ಸೂಜಕ್ಕ ಇದ್ದಾರಾ ಇನ್ನೂ?"

"ತಾತಾ," ಎಂದೆ. ಸೂಜಕ್ಕ ಎಂದರೆ ಅಮ್ಮನೇ ಇರಬೇಕು. "ಇದು ಯಾವ ಬಣ್ಣ?"

"ಕೆಂಪು."

"ಆ ಸುಳಿ?"

"ನೀಲಿ. ಯಾಕಮ್ಮಾ, ಪರೀಕ್ಷೆ ಮಾಡ್ತಿದ್ದೀಯಾ?" ಎಂದವರು ತಾವೇ ತಲೆ ಕೆರೆದುಕೊಂಡು ನಕ್ಕರು. "ಹೌದು ನೋಡು, ಹೊರಗಿನವರಿಗೆ ವಿಚಿತ್ರ ಅನ್ಸುತ್ತೆ. ಮೊದಲು ಹೊರಗಿನ ದರ್ಜಿ ಹತ್ರ ನಿಜವಾದ ಕೆಂಪು, ನೀಲೀಲೇ ಹೊಲಿಸಿದ್ವಿ. ಹೀಗೇ ಮುದ್ದೆ ಆಯ್ತು. ಆಮೇಲೆ ಯಾವ್ದು ಚೆನ್ನಾಗಿ ಕಾಣುತ್ತೆ ಅಂತ ಕ್ಯಾಮೆರಾಗೆ ಹಿಡಿದು ಹಿಡಿದು ಇವೆರಡು ಆರಿಸಿದ್ವಿ. ಆದ್ರೆ ಕತೇಲಿ ಕೆಂಪು ಅಂತ ಬರೆದಿತ್ತಲ್ಲ, ಅದಕ್ಕೆ ಬಟ್ಟೆ ಮೇಲೆ ಕೆಂಪು ಅಂತಾನೇ ಚೀಟಿ ಅಂಟಿಸಿ ಉಡುಪಿನ ಕೋಣೆಗೆ ಕಳಿಸ್ತಿದ್ವಿ. ಸ್ಟುಡಿಯೋ ಒಳಗೆ ಎಲ್ಲರ ಬಾಯಲ್ಲೂ ಇದು ಕೆಂಪೇ."

"ಮತ್ತೆ ಕೆಲವರು ಕಿತ್ತಳೆ ಅಂತಾರೆ, ಕೆಲವರು ನೇರಳೆ ಅಂತಾರೆ. ನನ್ನ ಹತ್ರ ಒಂದು ರಾಶಿ ಕಾಗದ ಬಂದಿವೆ," ಎಂದರು ಮೇಡಂ.

"ಅದು ಬಣ್ಣದ ಟೀವಿ ಬಂದ ಮೇಲಿನ ಮಾತು. ಆಗ ನಿಜವಾದ ಕೆಂಪೇ ಹೊಲಿಸಿದ್ರು. ಆದ್ರೆ ಆಗಿನ ಟೀವೀಲಿ ಬಣ್ಣಕ್ಕೊಂದು ತಿರುಗಣೆ ಇತ್ತು. ಅತ್ತೆ ಒಂದು ಕಡೆ ತಿರುಗಿಸೋರು, ಸೊಸೆ ಇನ್ನೊಂದು ಕಡೆ ತಿರುಗಿಸೋರು. ಸಾಲದ್ದಕ್ಕೆ ಟೇಪು ಹಳೇದಾದ ಹಾಗೆ ಬಣ್ಣಾನೂ ಕೆಟ್ಟಿದೆ. ಪ್ರತಿ ಮನೇಗೂ ಒಬ್ಬೊಬ್ಬ ಬಿರುಗಾಳಿ ಮಾಮ!"

ಮೇಡಂ ನಗುತ್ತಿದ್ದರು. ನನಗೆ ನಗು ಬರಲಿಲ್ಲ. ಒಂದೇ ಸ್ಟುಡಿಯೋದ ಇಬ್ಬರಿಗೆ ಒಂದೇ ತರಹ ಮರೆವು ಬರುವುದುಂಟೇ? ಅಮ್ಮ ಮರೆತಿರಲಿಲ್ಲ. ಐವತ್ತು ವರ್ಷದ ಹಿಂದಿನ ಮಾತನ್ನು ಒಂದಕ್ಷರ ಬಿಡದೆ ನೆನಪಿಟ್ಟುಕೊಂಡಿದ್ದಳು. ಅದಕ್ಕೆ ನಾವು ಅವಳ ಕೈಯಿಂದ ಬೀಗದ ಕೈ ಕಿತ್ತುಕೊಳ್ಳಲು ಹೊರಟಿದ್ದೆವು.

ಆಟೋ ಹಿಡಿದು ಅಂಗಡಿಗೆ ಹೋದೆ. ಅಮ್ಮ ರೀಲುಗಳನ್ನು ಗೋಡೆಯಿಂದ ಇಳಿಸಿ ಪೆಟ್ಟಿಗೆಗೆ ತುಂಬುತ್ತಿದ್ದಳು. "ಬಾ, ಹೋಗೋಣ," ಎಂದೆ.

"ಇನ್ನೊಬ್ಬ ಡಾಕ್ಟರಾ?" ಎಂದಳು. ಸುಮ್ಮನೆ ಚಪ್ಪಲಿ ಮೆಟ್ಟಿಕೊಂಡಳು. ಆಟೋದಲ್ಲಿ ನಾನು ಅವಳ ಕೈ ಹಿಡಿದುಕೊಂಡೇ ಇದ್ದೆ. ಬಾಯಿ ತೆರೆದರೆ ಅಳು ಬರುತ್ತಿತ್ತು.

ತಾತ ಅವಳನ್ನು ಕಂಡವರೇ, "ಸೂಜಕ್ಕಾ! ಕೆಂಪಂಗಿ ಅದ್ಭುತವಾಗಿ ಬಂದಿದೆ," ಎಂದರು. ಅಮ್ಮ ನಿಂತಲ್ಲೇ ನಿಂತಳು. ಅವರನ್ನು ನೋಡಿದಳು, ಬೊಂಬೆಯ ಮೇಲಿನ ಕಂದಂಗಿಯನ್ನು ನೋಡಿದಳು. ನಾನು ಅವಳನ್ನು ಟೀವಿಯ ಮುಂದೆ ಕೂರಿಸಿದೆ. ಚೀಟಿಯ ವಿಷಯ ತಾತನೇ ಇನ್ನೊಮ್ಮೆ ಹೇಳಿದರು.

ಅಮ್ಮ ಪರದೆಯ ಮೇಲಿನ ಸುಳಿಯಿಂದ ಕಣ್ಣು ಕೀಳಲಿಲ್ಲ. "ಹಿಂಗೆ ಕಾಣ್ತಿತ್ತಾ?" ಎಂದಳು. "ನಾನು ನೋಡೇ ಇರಲಿಲ್ಲ. ಆಗ ನಮ್ಮನೇಲಿ ಟೀವಿ ಎಲ್ಲಿತ್ತು?"

ಆಮೇಲೆ ನನ್ನ ಕಡೆ ತಿರುಗಿದಳು. ನನ್ನಮ್ಮ ಹುಟ್ಟಿದಾರಭ್ಯ ಯಾರನ್ನೂ ತಾನು ಸರಿಯೋ ತಪ್ಪೋ ಎಂದು ಕೇಳಿದವಳಲ್ಲ. "ಹಂಗಾದ್ರೆ ನನ್ನ ತಲೆ ಸರಿಯಾಗೇ ಇದೆ ಅಲ್ವೇನೇ?" ಎಂದು ಕೇಳಿದಳು.

"ಸರಿಯಾಗೇ ಇದೆ ಅಮ್ಮಾ."

"ದಿನಾ ಬೆಳಿಗ್ಗೆ ಷಟರ್ ಎತ್ತಿದ ಮೇಲೆ ರೀಲುಗಳ ಮುಂದೆ ನಿಂತು ಒಂದೊಂದರ ಬಣ್ಣ ಹೇಳ್ಕೋತಿದ್ದೆ ಕಣೇ. ಒಂದೂ ತಪ್ಪಲಿಲ್ಲ. ಆದ್ರೂ ನೀವೆಲ್ಲ ಓದಿದವರು, ನೀವು ಹೇಳ್ತೀರಿ ಅಂದ್ರೆ ಇರ್ಬೇಕು, ನನಗೇ ಗೊತ್ತಾಗ್ತಿಲ್ಲ ಅಂದ್ಕೊಂಡೆ. ಮರೆವು ಬಂದವರಿಗೆ ತಮಗೇ ಗೊತ್ತಾಗಲ್ವಂತಲ್ಲ."

ಆಗ್ಲಿ ಎಂದ ದಿನ ಅವಳು ಸೀರೆಯನ್ನೇ ನೋಡುತ್ತ ಯಾಕೆ ಮಡಿಸುತ್ತಿದ್ದಳು ಎಂದು ಈಗ ಅರ್ಥವಾಯಿತು. ನನಗಿಂತ ಹೆಚ್ಚು ಹೆದರಿದ್ದವಳು ಅವಳು. ಒಬ್ಬಳೇ ಹೆದರಿಕೊಂಡಿದ್ದಳು.

"ತಪ್ಪು ನಂದು," ಎಂದೆ. "ನೀನು ಹೇಳಿದ್ದನ್ನ ನಾನು ಕೇಳಿಸ್ಕೊಳ್ಳಲೇ ಇಲ್ಲ." ಮೇಡಂ, ತಾತ ಎಲ್ಲರೂ ಇದ್ದರೂ ಅವಳ ತೊಡೆಯ ಮೇಲೆ ಮುಖವಿಟ್ಟು ಬಿಕ್ಕಿಬಿಕ್ಕಿ ಅತ್ತೆ.

ಅಮ್ಮ ನನ್ನ ತಲೆ ಸವರಿದಳು. "ಸಾಕು ಏಳು. ಮೂಗು ಒರೆಸ್ಕೋ. ನಿಮ್ಮಣ್ಣಂಗೆ ಫೋನು ಹಚ್ಚಿ ಕೊಡು," ಎಂದಳು.

ಹಚ್ಚಿ ಕೊಟ್ಟೆ. "ನಾನು ಕಣೋ," ಎಂದಳು ಅವನಿಗೆ. ಆ ದನಿ ಕೇಳಿ ಎಷ್ಟು ದಿನವಾಗಿತ್ತು. "ಬೀಗದ ಕೈ ಕೊಡಲ್ಲ. ಬೇಕರಿಯವನ ಹತ್ರ ಒಪ್ಕೊಂಡಿದ್ದು ನೀನು, ನೀನೇ ಹೇಳು. ಯಾಕಾ? ಯಾಕೆ ಅಂತ ನಿನ್ನ ತಂಗಿ ಹೇಳ್ತಾಳೆ. ನಂಗೆ ಈಗ ಪುರುಸೊತ್ತಿಲ್ಲ."

ಫೋನು ನನ್ನ ಕೈಗೆ ಕೊಟ್ಟು, ಕುರ್ಚಿಯನ್ನು ಟೀವಿಗೆ ಇನ್ನಷ್ಟು ಹತ್ತಿರ ಎಳೆದುಕೊಂಡಳು.