ಸೂರಿನಿಂದ ಮೇಲಕ್ಕೆ

ಗುರುಪಾದಪ್ಪನವರನ್ನು ‘ಚಹಾ ಆತೇನ್ರಿ?’ ಎಂದು ಕೇಳಿ ಹೌದು ಅಥವಾ ಇಲ್ಲ ಎಂಬ ಉತ್ತರ ಪಡೆದವರು ಖಾನಾಪುರದಲ್ಲಿ ಇನ್ನೂ ಸಿಕ್ಕಿಲ್ಲ. ಚಹಾ ಎಂದೊಡನೆ ಅವರ ಮನಸ್ಸು ಬಸ್ ನಿಲ್ದಾಣದ ಎದುರಿನ ಅಂಗಡಿಗೆ, ಅಂಗಡಿಯಿಂದ ಅದರ ಸೋರುವ ಛಾವಣಿಗೆ, ಛಾವಣಿಯಿಂದ ಆ ವರ್ಷ ಭಟ್ಟಿಯಲ್ಲಿ ಅರೆಬೆಂದು ಬಂದ ಹಂಚಿಗೆ, ಹಂಚಿನಿಂದ ಮಲಪ್ರಭೆಯ ದಂಡೆಯ ಮಣ್ಣಿಗೆ, ಮಣ್ಣು ಹೇರಿದ ಗಾಡಿಯ ಎತ್ತಿಗೆ ಹೋಗುತ್ತದೆ. ಎತ್ತಿನ ಬಣ್ಣಕ್ಕೆ ಬರುವಷ್ಟರಲ್ಲಿ ಕೇಳಿದವರ ಚಹಾ ಆರಿ ಕೆನೆಗಟ್ಟಿರುತ್ತದೆ.

ನಲವತ್ತೈದು ವರ್ಷ ಊರೂರಿನ ಮನೆಗಳಿಗೆ ಹಂಚು ಹೊದಿಸಿದವರು ಅವರು. ನೆಲದ ಮೇಲೆ ನಡೆಯುವಾಗಲೂ ಇಳಿಜಾರಿನಲ್ಲಿದ್ದವರಂತೆ ಮೈಯನ್ನು ಮುಂದಕ್ಕೆ ಬಾಗಿಸಿ ಪಾದವನ್ನು ಓರೆಯಾಗಿಡುತ್ತಾರೆ. ಬೇಸಿಗೆಯಲ್ಲೂ ಬಿಡದ ಬೂದುಬಣ್ಣದ ಕೋಟಿನ ಜೇಬನ್ನು ಎಷ್ಟು ಸಲ ಒಗೆದರೂ ಕೆಂಪು ಧೂಳು ಹೋಗುವುದಿಲ್ಲ. ಎದುರಿಗೆ ಸಿಕ್ಕ ವಸ್ತುವನ್ನೆಲ್ಲ ಮಡಚಿದ ಬೆರಳಿನಿಂದ ಒಮ್ಮೆ ತಟ್ಟಿ, ಕಿವಿಗೊಡುವುದು ಅವರ ಚಾಳಿ: ಠಣ್ ಎಂದರೆ ಗಟ್ಟಿ, ಮಂಕಾದರೆ ಒಳಗೆ ಒಡಕು. ಅಣ್ಣನ ಮಗಳು ನಿಖಿತಾ ಬಿಎಸ್ಸಿ ಪಾಸಾದ ದಿನ ಅವಳ ಹಣೆಯನ್ನೂ ತಟ್ಟಿ, “ಗಟ್ಟಿ ಐತಿ, ಒಡಕಿಲ್ಲ” ಎಂದಿದ್ದರು. ಅವಳಿಗೆ ಸಿಕ್ಕ ಪ್ರಮಾಣಪತ್ರಗಳಲ್ಲಿ ಅದೇ ಅತಿ ಚಿಕ್ಕದು.

ನಿಖಿತಾ ಈಗ ಮಚ್ಛೆ ಎಂಬ ಊರಿನ ಒಂದು ಕಾರ್ಖಾನೆಯ ಪ್ರಯೋಗಾಲಯದಲ್ಲಿ ಪರೀಕ್ಷಕಿ. ಪ್ರಶ್ನೆಗೊಂದು ಕಾಲಂ, ಕಾಲಮ್ಮಿಗೊಂದು ಉತ್ತರ ಎಂಬ ಲೋಕದಲ್ಲಿ ಬದುಕುವವಳು. ಅಂಥವಳ ಕೈಗೆ ಒಂದು ಮಧ್ಯಾಹ್ನ ಬೆಳಗಾವಿಯ ಆಸ್ಪತ್ರೆಯಲ್ಲಿ ಕಾಕಾನ ಫಾರ್ಮು ಬಂತು. ಹರ್ನಿಯಾ ಸಿಕ್ಕಿಕೊಂಡಿತ್ತು; ಮರುದಿನ ಬೆಳಿಗ್ಗೆ ಶಸ್ತ್ರಚಿಕಿತ್ಸೆ, ಮುಂದೂಡುವಂತಿರಲಿಲ್ಲ. ಐದನೆಯ ಪ್ರಶ್ನೆ: ಒಗ್ಗದ ಔಷಧಿ ಯಾವುದಾದರೂ ಇದೆಯೇ? ಕಾಕಾನ ಹೆಂಡತಿ, ಕಾಕು ಶಿವಲಿಂಗವ್ವ ಹೇಳಿದರು: “ಲಗ್ನಕ್ಕಿಂತ ಮೊದಲ ಯಾವುದೋ ಸೂಜಿ ಚುಚ್ಚಿದಾಗ ಮಾರಿ ಬಾತು ಉಸಿರು ಕಟ್ಟಿತ್ತಂತವ್ವಾ. ಯಾವ ಔಷಧ ಅಂತ ಇವರಿಗಷ್ಟ ಗೊತ್ತು.”

ಅರಿವಳಿಕೆಯ ಡಾಕ್ಟರು ಸುಜಯ ಪೆನ್ನಿನ ಟೋಪಿ ಮುಚ್ಚಿದರು. “ಹೆಸರು ಗೊತ್ತಿಲ್ಲಂದ್ರ ನಾ ಅಂದಾಜಿನ ಮ್ಯಾಲ ಕೊಡಬೇಕಾಗ್ತದ. ಅಂದಾಜು ತಪ್ಪಿದ್ರ ಟೇಬಲ್ ಮ್ಯಾಲನ ಉಸಿರು ಕಟ್ಟಬಹುದು. ಐದರೊಳಗ ಹೇಳ್ರಿ.”

ಆಗ ಎರಡೂ ಹತ್ತು.

“ಕಾಕಾ, ಆ ಇಂಜೆಕ್ಷನ್ ಹೆಸರೇನ್ರಿ?”

“ಹೇಳ್ತೀನಿ ತಡಿ. ಅವಾಗ ಹಿಂಡಲಗಾದಾಗ ಕೆಲಸ ಹತ್ತಿತ್ತು. ಜೋಡಿ ಸಿದರಾಯ ಇದ್ದ—”

“ಸಿದರಾಯ ಬ್ಯಾಡ್ರಿ. ಹೆಸರಷ್ಟ ಹೇಳ್ರಿ.”

ಗುರುಪಾದಪ್ಪನವರು ಮಂಚದ ಕಂಬಿಯನ್ನು ತಟ್ಟಿದರು, ಕಿವಿಗೊಟ್ಟರು, ಕಣ್ಣು ಕಿರಿದು ಮಾಡಿದರು. “ಎಲ್ಲಿಗೆ ಬಂದಿದ್ದೆ? ಹಾಂ. ಹಿಂಡಲಗಾದಾಗ ಕೆಲಸ ಹತ್ತಿತ್ತು...”

ನಾಲ್ಕು ಸಲ ಅವಳು ತಡೆದಳು. ನಾಲ್ಕು ಸಲವೂ ಅವರು ಹಿಂಡಲಗಾಕ್ಕೆ ಮರಳಿ, ಸಿದರಾಯನವರೆಗೆ ಬಂದು ನಿಂತರು. ಕೊನೆಗೆ ನಿಖಿತಾ ಹತ್ತು ಔಷಧಿಗಳ ಪಟ್ಟಿ ಮಾಡಿ ಒಂದೊಂದಾಗಿ ಓದಿದಳು. ಉತ್ತರ ನಂಬಬಹುದೇ ಎಂದು ನೋಡಲು ನಡುವೆ ತನ್ನ ಕಾರ್ಖಾನೆಯ ಬಣ್ಣ ತೊಳೆಯುವ ದ್ರಾವಣವೊಂದನ್ನೂ ಸೇರಿಸಿದಳು. ಹನ್ನೊಂದಕ್ಕೂ ಒಂದೇ ಉತ್ತರ: “ಇರಬಹುದವಾ.” ಅವಳು ಪಟ್ಟಿಯನ್ನು ಹರಿದು ಹಾಕಿದಳು.

“ನಲವತ್ತೆರಡು ವರ್ಷ ಆತು,” ಎಂದರು ಶಿವಲಿಂಗವ್ವ, “ನನಗ ಇಳಕಲ್ ಸೀರಿ ಎಲ್ಲಿ ತಂದ್ರಿ ಅಂತ ಕೇಳಿ. ಇನ್ನೂ ಅಂಗಡಿ ಮುಟ್ಟಿಲ್ಲ.”

ನಿಖಿತಾಳ ದನಿ ಏರಿತು. “ನಿಮ್ಮ ಜೀವದ ಪ್ರಶ್ನಿ ಐತ್ರಿ ಕಾಕಾ! ಕೇಳಿದ್ದೊಂದು ಬಿಟ್ಟು ಊರೆಲ್ಲಾ ತಿರುಗತೀರಲ್ಲ!”

ಅವರಿಗೆ ಸಿಟ್ಟು ಬರಲಿಲ್ಲ. ಕಸುಬು ಗೊತ್ತಿಲ್ಲದವರ ಮೇಲಿನ ಮರುಕ ಬಂತು. “ಹಂಚು ಸೂರಿನಿಂದ ಮ್ಯಾಲ ಹೊದಿಸ್ತಾರವಾ. ಕೆಳಗಿನದರ ಮ್ಯಾಲ ಮ್ಯಾಲಿನದು ಕುಂದರ್ತೈತಿ. ನೀ ನಡುವಿನದೊಂದನ್ನ ಇಡು ಅಂತಿ. ಅದು ಯಾತರ ಮ್ಯಾಲ ಕುಂದರಬೇಕು?”

ಮೂರೂವರೆಯಾಗಿತ್ತು. ಬೇರೆ ದಾರಿಯಿಲ್ಲದೆ ನಿಖಿತಾ ಫಾರ್ಮನ್ನು ಮಗುಚಿಟ್ಟು, ಹಲ್ಲು ಕಚ್ಚಿಕೊಂಡು, “ಹಿಂಡಲಗಾದಾಗ ಏನಾತ್ರಿ?” ಎಂದಳು.

ಹಿಂಡಲಗಾದಿಂದ ಸಿದರಾಯ, ಸಿದರಾಯನಿಂದ ಅವನ ಹಲಸಿನ ಕಟ್ಟಿಗೆಯ ಏಣಿ, ಏಣಿಯಿಂದ ಆ ಮರ ಬೆಳೆದ ಹಿತ್ತಲು, ಹಿತ್ತಲಿನ ನಾಯಿ, ನಾಯಿ ಕಂಡು ಜಿಗಿದಾಗ ಕಿತ್ತ ಮೆಟ್ಟಿಲು, ಮೆಟ್ಟಿಲಿನ ಮೊಳೆ. ಮೊಳೆ ಅಂಗಾಲಿಗೆ ನೆಟ್ಟಿತು. ಅಲ್ಲಿಂದ ಖಾನಾಪುರದ ದವಾಖಾನೆಯ ಬೆಂಚು, ಸೂಜಿ, ಬಾತ ಮುಖ, ಹೊತ್ತು ಮುಳುಗುವವರೆಗೆ ಪಕ್ಕದಲ್ಲೇ ಕುಳಿತು ರಟ್ಟಿನಿಂದ ಗಾಳಿ ಬೀಸಿದ ಮುದಿ ಡಾಕ್ಟರು. ಬಾಯಿ ಬಿಟ್ಟರೆ ಎಲ್ಲ ಬಿದ್ದುಹೋಗಬಹುದೆಂದು ನಿಖಿತಾ ನಾಯಿಯ ಬಣ್ಣವನ್ನೂ ಸಹಿಸಿಕೊಂಡಳು.

“...ಡಾಕ್ಟರು ಅಂದ್ರು, ಪೆನ್ಸಿಲಿನ್ ನಿನಗ ಆಗೂದಿಲ್ಲೋ, ಜೀವ ಇರೂತನ ಮರೀಬ್ಯಾಡ ಅಂದ್ರು. ಅವರ ಅಡಗಿ ಮನಿ ಸೋರತಿತ್ತು, ನಾ ಏನ್ ಮಾಡಿದೆ—”

“ಪೆನ್ಸಿಲಿನ್! ಖರೇ ಏನ್ರಿ ಕಾಕಾ?”

ನಡುವೆ ಬಾಯಿ ಹಾಕಿದ್ದು ಅವರಿಗೆ ಹಿಡಿಸಲಿಲ್ಲ. “ಮರೀತೀನಿ ಅಂತ ಅವರ ಕೈಲೇನ ಹಂಚಿನ ಮ್ಯಾಲ ಕೊರಿಸೀನಲ್ಲ. ನಮ್ಮ ಮನ್ಯಾಗ, ಬಾಗಲದ ನೆತ್ತಿಗೆ, ಸೂರಿನಿಂದ ಏಳನೇ ಸಾಲು.”

ಮಳೆಗಾಲಕ್ಕೆ ಮೊದಲು ಪ್ರತಿವರ್ಷ ಹಂಚು ಬಿಚ್ಚಿ ಮರುಹೊದಿಸುವಾಗ ಆ ಹೆಸರು ಅವರ ಕಣ್ಣಿಗೆ ಬೀಳುತ್ತಿತ್ತು. ಮನೆಯವರು ಏಣಿ ಹತ್ತಲು ಬಿಡದ ಈ ಐದು ವರ್ಷಗಳಲ್ಲಿ ಬಿದ್ದಿರಲಿಲ್ಲ. ಪಕ್ಕದ ಮನೆಯ ರಾಮಲಿಂಗನಿಗೆ ಫೋನು ಹೋಯಿತು. ಅವನು ಹತ್ತಿ, ಎಂಟನೆಯ ಸಾಲಿನ ಹಂಚನ್ನು ಎತ್ತಿ, ಅದರಡಿಯಲ್ಲಿ ಮುಚ್ಚಿಹೋಗಿದ್ದ ಏಳನೆಯದರ ಅಂಚಿನ ಫೋಟೋ ಕಳಿಸಿದಾಗ ನಾಲ್ಕೂ ಐವತ್ತು. ಮಳೆ, ಹೊಗೆ ಎರಡೂ ತಾಕದ ಆ ಎರಡು ಬೆರಳಗಲದಲ್ಲಿ ಅಕ್ಷರಗಳು ನಿನ್ನೆ ಕೊರೆದಂತಿದ್ದವು.

ಡಾಕ್ಟರು ಸುಜಯ ಹೆಸರನ್ನು ಕೆಂಪು ಶಾಯಿಯಲ್ಲಿ ಬರೆದು, ನೆಮ್ಮದಿಯಿಂದ, “ಮಧ್ಯಾಹ್ನ ಏನ್ ಉಂಡೀರಿ, ಅಜ್ಜಾರ?” ಎಂದರು.

“ಊಟ ಅಂದ್ರ ನೋಡ್ರಿ, ಒಮ್ಮೆ ನಂದಗಡದಾಗ...”

ನಿಖಿತಾ ಕುರ್ಚಿ ಎಳೆದಳು. “ಕುಂದರ್ರಿ ಡಾಕ್ಟರ.”

ಇಂಥವರು ಮನೆಗೊಬ್ಬರಿರುತ್ತಾರೆ. ಅವರ ತಲೆಯಲ್ಲಿ ಯಾವುದೂ ಬಿಡಿಯಾಗಿ ಇರುವುದಿಲ್ಲ. ಮೊಳೆಯ ಮೇಲೆ ಸೂಜಿ, ಸೂಜಿಯ ಮೇಲೆ ಹೆಸರು ಒಂದನ್ನೊಂದು ಕಚ್ಚಿಕೊಂಡು ಕುಳಿತಿರುತ್ತವೆ. ಅಲ್ಲಿ ಏನೂ ಕಳೆದುಹೋಗಿರುವುದಿಲ್ಲ. ಆದರೆ ಬೇಕಾದ್ದನ್ನು ಪಡೆಯಲು ಕೇಳುವವರ ಒಂದು ಇಡೀ ಮಧ್ಯಾಹ್ನ ಹೋಗುತ್ತದೆ, ಆ ನಾಯಿ ಯಾವ ಬಣ್ಣದ್ದೆಂಬುದು ಜನ್ಮವಿಡೀ ತಲೆಯಲ್ಲಿ ಉಳಿಯುತ್ತದೆ.